ಹತ್ತೂವರೆಗೆ ಕೊಳಕು ಬಾಂಬು

ತೆರ್ನೊವಾ ಬಾಲ್ಕಾ ಎಂಬ ಹಳ್ಳಿಯಲ್ಲಿ ಒಮೆಲ್ಕೊ ಹೊರೊಬೆಟ್ಸ್‌ನ ಗಾಡಿಗೆ ಮರ್ಯಾದೆಯ ಹೆಸರೊಂದು ಯಾವತ್ತೂ ಇರಲಿಲ್ಲ. ಪಾಯಿಖಾನೆ ಗುಂಡಿ ಹೀರುವ ಗಾಡಿಗೆ ಮರ್ಯಾದೆಯ ಹೆಸರು ಯಾವ ದೇಶದಲ್ಲಿದೆ ಎಂದು ಕೇಳಬಹುದು. ಉಕ್ರೇನಿನಲ್ಲೂ ಇಲ್ಲ. ಮುದುಕರು ಅದನ್ನು ‘ಜೇನಿನ ಪೀಪಾಯಿ’ ಎಂದು ಕರೆದು ತಾವೇ ನಗುತ್ತಿದ್ದರು. ಪಂಚಾಯ್ತಿಯ ಕಾಗದದಲ್ಲಿ ಅದಕ್ಕೊಂದು ನಂಬರು ಮಾತ್ರ ಇತ್ತು. ಹೆಂಡತಿ ರಾಯಿಸಾ, ಗಂಡನ ಹೆಸರು ಹೇಳಬಾರದ ಕಾಲದ ಹೆಂಗಸರಂತೆ, ಅದರ ಹೆಸರೆತ್ತದೆಯೇ ಇಪ್ಪತ್ತೊಂಬತ್ತು ವರ್ಷ ಸಂಸಾರ ನಡೆಸಿದ್ದಳು. “ಅದನ್ನ ಬೇಲಿಯಾಚೆ ನಿಲ್ಸು” ಎನ್ನುವಳು. “ಅದನ್ನ ಮುಟ್ಟಿದ ಕೈಲಿ ಬ್ರೆಡ್ ಮುಟ್ಟಬೇಡ” ಎನ್ನುವಳು.

ಒಮೆಲ್ಕೊಗೆ ಐವತ್ತೇಳು ವರ್ಷ. ಹೇಳಿದ ಹೊತ್ತಿಗೆ ಬರುವವನು, ಗುಂಡಿಯ ತಳ ಕಾಣುವವರೆಗೆ ಹೀರುವವನು, ಸೂರ್ಯ ಮುಳುಗುವ ತನಕ ಕುಡಿಯದವನು. ಅವನಲ್ಲಿದ್ದ ದೋಷ ಒಂದೇ. ಯಾವ ವಿಷಯವನ್ನಾದರೂ ಅರ್ಧ ಕೇಳಿ ಪೂರ್ತಿ ಅರ್ಥಮಾಡಿಕೊಂಡುಬಿಡುತ್ತಿದ್ದ.

ಯುದ್ಧ ಶುರುವಾದ ವರ್ಷದ ಅಕ್ಟೋಬರಿನಲ್ಲಿ ಗಾಡಿಯ ರೇಡಿಯೊ ತಿರುಗಿಸಿದರೆ ಸಾಕು, ಒಂದೇ ಪದ ಬರತೊಡಗಿತು: ಕೊಳಕು ಬಾಂಬು. ಗಡಿಯಾಚೆಯವರು, ನೀವು ಕೊಳಕು ಬಾಂಬು ಮಾಡುತ್ತಿದ್ದೀರಿ ಎಂದರು. ಈಚೆಯವರು, ಹಾಗೆ ಹೇಳುವವರೇ ಅದನ್ನು ಮಾಡುವವರು ಎಂದರು. ಮಂತ್ರಿಗಳು ಆ ಪದ ಹೇಳಿದರು, ದೊಡ್ಡ ದೊಡ್ಡ ದೇಶಗಳ ರಾಯಭಾರಿಗಳು ದುಂಡುಮೇಜಿನ ಸುತ್ತ ಕೂತು ಗಂಭೀರವಾಗಿ ಅದನ್ನೇ ಹೇಳಿದರು. ಒಮೆಲ್ಕೊ ಸ್ಟೀರಿಂಗ್ ಹಿಡಿದು ಕೇಳುತ್ತಲೇ ಇದ್ದ. ಕೊಳಕನ್ನು ತುಂಬಿಕೊಂಡಿರುವ ಒಂದು ವಸ್ತು. ಅದು ಬರುತ್ತದೆ ಎಂದರೆ ಜನ ಓಡುತ್ತಾರೆ. ಅದರ ವಿಷಯ ದೇಶದೇಶಗಳು ಮಾತಾಡುತ್ತವೆ. ತನ್ನ ಗಾಡಿಗೆ ಇಷ್ಟು ವರ್ಷ ಸಿಗದೇ ಇದ್ದ ಹೆಸರು ಇದೇ ಎಂದು ಅವನಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಭಾನುವಾರ ಬಿಳಿ ಬಣ್ಣ ತಂದು, ತೊಟ್ಟಿಯ ಬಲಮಗ್ಗುಲಿಗೆ ಮೊಳದುದ್ದದ ಅಕ್ಷರಗಳಲ್ಲಿ ಬರೆದ. ರಾಯಿಸಾ ಕೈ ಒರೆಸಿಕೊಂಡು ಹೊರಗೆ ಬಂದು ಓದಿದಳು.

“ಏನಿದು?”

“ಹೆಸರು.”

“ಜನ ಸಾಯ್ತಿದಾರೆ, ನೀನು ಇದಕ್ಕೆ ನಾಮಕರಣ ಮಾಡ್ತಿದೀಯ.”

“ಜನ ನಗಲಿ ಅಂತ.”

ರಾಯಿಸಾ ಅಕ್ಷರಗಳನ್ನು ಇನ್ನೊಮ್ಮೆ ನೋಡಿದಳು. “ಕೊನೇ ಅಕ್ಷರ ಸೊಟ್ಟ ಆಗಿದೆ” ಎಂದು ಒಳಗೆ ಹೋದಳು.

ಜನ ನಕ್ಕಿದ್ದು ನಿಜ. ಆ ಶರತ್ಕಾಲದಲ್ಲಿ ನಗುವಿಗೂ ದುರ್ಭಿಕ್ಷವಿತ್ತು, ಸಿಕ್ಕಿದ್ದಕ್ಕೆಲ್ಲ ನಗುತ್ತಿದ್ದರು. ಹೆದ್ದಾರಿಯ ತಪಾಸಣೆ ಕಟ್ಟೆಯಲ್ಲಿ ಬಂದೂಕು ಹಿಡಿದು ನಿಲ್ಲುತ್ತಿದ್ದ ರಾಯಿಸಾಳ ತಮ್ಮ ಸಾವಾ, ಗಾಡಿ ನೋಡಿದವನೇ ಮರಳುಮೂಟೆಗೆ ಒರಗಿ ನಕ್ಕ. ಮಾರನೆಯ ದಿನದಿಂದ ಫೋನುಗಳ ಧಾಟಿಯೇ ಬದಲಾಯಿತು. “ಒಮೆಲ್ಕೊ, ನಮ್ಮನೇಗೆ ಬಾಂಬು ಯಾವಾಗ ಹಾಕ್ತೀರ?” ಎಂದು ಆಸ್ಪತ್ರೆಯ ದಾದಿ ಕೇಳಿದಳು. “ಬುಧವಾರ ಊಟ ಆದ್ಮೇಲೆ” ಎಂದ ಒಮೆಲ್ಕೊ. ಪದ ಗಾಡಿಯಿಂದ ಇಳಿದು ಮನೆಮನೆ ಹೊಕ್ಕಿತು. ತೊಳೆಯದ ಬೋರ್ಷ್ ಸಾರಿನ ಪಾತ್ರೆ ಕೊಳಕು ಬಾಂಬು ಆಯಿತು. ಉಪ್ಪಿನಕಾಯಿ ಜಾಡಿಯಲ್ಲಿ ಬೂಸಲು ಬಂದರೆ ಅದೂ ಆಯಿತು. ಕುಡಿದು ಬಂದು ಬೂಟು ಬಿಚ್ಚದೆ ಹಾಸಿಗೆಗೆ ಬಿದ್ದ ಗಂಡನಂತೂ ಆದನೇ. ಎರಡೇ ವಾರದಲ್ಲಿ ಆ ಹಳ್ಳಿಯಲ್ಲಿ ಆ ಪದಕ್ಕೆ ಹೆದರುವವರು ಯಾರೂ ಉಳಿಯಲಿಲ್ಲ.

ಒಪ್ಪದೇ ಇದ್ದವರು ಲುಕಿಚ್ ಮೇಷ್ಟ್ರು ಒಬ್ಬರೇ. ಶಾಲೆಯಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಹೇಳಿಕೊಟ್ಟವರು. ಶನಿವಾರ ಅವರ ಮನೆಯ ಗುಂಡಿ ಹೀರುವಾಗ ಮೂಗಿಗೆ ಕರ್ಚೀಫು ಹಿಡಿದು ಗಾಡಿಯ ಪಕ್ಕ ನಿಂತರು.

“ಇದರ ಅರ್ಥ ಗೊತ್ತೇನಯ್ಯ ನಿನಗೆ?”

“ಬಾಂಬು. ಕೊಳಕಾಗಿರೋದು.”

“ಅಲ್ಲ. ಮಾಮೂಲಿ ಸಿಡಿಮದ್ದಿನ ಜೊತೆ ವಿಕಿರಣ ಸೂಸೋ ಪುಡಿ ಸೇರ್ಸಿರ್ತಾರೆ. ಸಿಡಿದಾಗ ಪುಡಿ ಸುತ್ತ ಹರಡುತ್ತೆ. ಅಣುಬಾಂಬು ಅಲ್ಲ ಅದು. ಆಕಾಶಕ್ಕೆ ಅಣಬೆ ಮೋಡ ಏಳಲ್ಲ, ಊರು ಸುಟ್ಟು ಬೂದಿ ಆಗಲ್ಲ.”

“ಎಷ್ಟು ಜನ ಸಾಯ್ತಾರೆ?”

“ಸಿಡಿತಕ್ಕೆ ಸಿಕ್ಕಿದವರು ಸಾಯ್ತಾರೆ. ಪುಡಿಯಿಂದ ಆವತ್ತೇ ಸಾಯೋರು ಬಹುಶಃ ಯಾರೂ ಇಲ್ಲ.”

“ಮತ್ತೆ ಪುಡಿ ಯಾಕೆ ಮೇಷ್ಟ್ರೇ, ದಂಡ?”

“ಹೆದರ್ಸೋಕೆ. ಜನ ಮನೆ ಬಿಟ್ಟು ಓಡ್ಲಿ ಅಂತ. ಓಡಿದವರು ಹಿಂದಕ್ಕೆ ಬರೋಕೆ ಅಂಜಲಿ ಅಂತ. ಅದರ ಮುಖ್ಯ ಕೆಲಸ ಭಯ.”

ಒಮೆಲ್ಕೊ ಪೈಪು ಒದರಿ, ಸ್ವಲ್ಪ ಹೊತ್ತು ಪ್ರಾಮಾಣಿಕವಾಗಿ ಯೋಚಿಸಿದ.

“ಹಂಗಿದ್ರೆ ನಂದೂ ಅದೇ ಜಾತಿ ಮೇಷ್ಟ್ರೇ. ಇಪ್ಪತ್ತೊಂಬತ್ತು ವರ್ಷದಲ್ಲಿ ಒಬ್ಬರೂ ಸತ್ತಿಲ್ಲ. ಓಡಿಹೋದೋರು ಬೇಕಾದಷ್ಟು.”

ಮೇಷ್ಟ್ರು ಕರ್ಚೀಫು ಮಡಿಸಿ ಜೇಬಿಗಿಟ್ಟು ಒಳಗೆ ಹೋದರು. ಅರ್ಧ ಕೇಳಿ ಪೂರ್ತಿ ತಿಳಿದವನ ಜೊತೆ ವಾದಕ್ಕೆ ನಿಂತವರು ಯಾರು ತಾನೇ ಗೆದ್ದಿದ್ದಾರೆ.

ಹೀಗಿರುವಾಗ ಒಂದು ಗುರುವಾರ ಬೆಳಗ್ಗೆ ಊರಿನ ಮುಖ್ಯಸ್ಥೆ ಝನ್ನಾ ಪೆತ್ರಿವ್ನಾ ಫೋನ್ ಮಾಡಿದರು. ಶಾಲೆಯ ಗುಂಡಿ ತುಂಬಿ ಹರಿಯುತ್ತಿದೆ, ಸೈರನ್ ಕೂಗಿದಾಗ ಮಕ್ಕಳು ಹೋಗಿ ಕೂರುವ ನೆಲಮಾಳಿಗೆಗೆ ನೀರು ಜಿನುಗುತ್ತಿದೆ, ಇವತ್ತೇ ಬರಬೇಕು. “ಬರೋಕೆ ಮುಂಚೆ ಊರಿನ ಗುಂಪಿಗೆ ಒಂದು ಮಾತು ಹಾಕ್ಬಿಡಿ ಒಮೆಲ್ಕೊ. ತಾಯಂದಿರು ಹುಷಾರಾಗಿರ್ಲಿ” ಎಂದರು.

ಒಮೆಲ್ಕೊನ ಮೊಬೈಲಿನಲ್ಲಿ ಗುಂಪುಗಳು ಎರಡು. ಒಂದು ‘ನಮ್ಮ ಬಾಲ್ಕಾ’. ಅದರಲ್ಲಿ ಹಾಲಿನ ದರ, ಕಳೆದುಹೋದ ಬೆಕ್ಕು, ಹುಟ್ಟುಹಬ್ಬದ ಹೂಗುಚ್ಛ. ಇನ್ನೊಂದು ‘ಬಾಲ್ಕಾ ವಲಯ, ತುರ್ತು’. ಅದರಲ್ಲಿ ಸುತ್ತಲಿನ ಹದಿನಾಲ್ಕು ಹಳ್ಳಿಗಳ ಮುಖ್ಯಸ್ಥರು, ಆಸ್ಪತ್ರೆಯವರು, ಪೊಲೀಸರು, ಸೈರನ್ನಿನ ಗುಂಡಿ ಒತ್ತುವವರು. ಬೆಂಕಿ ಬಿದ್ದರೆ ತೊಟ್ಟಿಯಲ್ಲಿ ನೀರು ಹೊರಲಿ ಎಂದು ಒಮೆಲ್ಕೊನನ್ನೂ ಸೇರಿಸಿದ್ದರು. ಅವನು ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದ. ಎರಡರ ಹೆಸರಿನಲ್ಲೂ ಬಾಲ್ಕಾ ಎಂದಿರುವುದು ಕಂಡಿತು, ಅದಕ್ಕಿಂತ ಹೆಚ್ಚು ಬೇಕೆಂದು ಅನ್ನಿಸಲಿಲ್ಲ. ಹೆಬ್ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ ಕಳಿಸಿದ:

‘ಇವತ್ತು ಹತ್ತೂವರೆಗೆ ಶಾಲೆಗೆ ಕೊಳಕು ಬಾಂಬು ಬರುತ್ತೆ. ಮಕ್ಕಳನ್ನ ಹಿತ್ತಲ ಕಡೆ ಬಿಡಬೇಡಿ. ಕಿಟಕಿ ಮುಚ್ಚಿಕೊಳ್ಳಿ. ಒಂದು ಗಂಟೆ ವಾಸನೆ ಇರುತ್ತೆ. ಒಮೆಲ್ಕೊ.’

ಕಳಿಸಿದ ಹತ್ತು ನಿಮಿಷಕ್ಕೆ, ದಿನವೂ ಹೋಗುವಂತೆ, ಬಾಲ್ಕಾದಲ್ಲಿ ಕರೆಂಟು ಹೋಯಿತು. ಅದರ ಹಿಂದೆಯೇ ಮೊಬೈಲ್ ಗೋಪುರವೂ ಸತ್ತಿತು. ಒಮೆಲ್ಕೊ ಫೋನನ್ನು ಜೇಬಿಗೆ ಹಾಕಿ ಹೊರಟ. ತಪಾಸಣೆ ಕಟ್ಟೆಯಲ್ಲಿ ಸಾವಾ ಎಂದಿನಂತೆ ಕೈಯೆತ್ತಿದ.

“ಎಲ್ಲಿಗೆ ಭಾವ, ಬಾಂಬು?”

“ಶಾಲೆಗೆ.”

“ಹೋಗಿ, ಹೋಗಿ.”

ಮುಂದೆ ನಡೆದದ್ದು ಆ ದಿನ ಒಮೆಲ್ಕೊಗೆ ಗೊತ್ತಿರಲಿಲ್ಲ. ಆಮೇಲೆ ಒಂದು ತಿಂಗಳು ಕಂಡಕಂಡವರೆಲ್ಲ ಅವನನ್ನು ನಿಲ್ಲಿಸಿ ಹೇಳಿದ್ದರಿಂದ ತಿಳಿದದ್ದು. ಉಳಿದ ಹದಿಮೂರು ಹಳ್ಳಿಗಳಿಗೆ ಅವನ ಗಾಡಿಯ ನಾಮಕರಣದ ಸುದ್ದಿ ತಲುಪಿರಲಿಲ್ಲ. ಸಂದೇಶ ಒಂದು ಫೋನಿನಿಂದ ಇನ್ನೊಂದಕ್ಕೆ ಹಾರುವಾಗ ರೆಕ್ಕೆಪುಕ್ಕ ಕಟ್ಟಿಕೊಂಡಿತು. ಎರಡನೆಯ ಹಳ್ಳಿಯಲ್ಲಿ ಒಮೆಲ್ಕೊ ಎಂಬ ಹೆಸರು ಉದುರಿಹೋಯಿತು. ಮೂರನೆಯದರಲ್ಲಿ ‘ಒಂದು ಗಂಟೆ ವಾಸನೆ ಇರುತ್ತೆ’ ಎಂಬುದು ‘ಒಂದು ಗಂಟೆಯಲ್ಲಿ ಎಲ್ಲ ಕಡೆ ಹರಡುತ್ತೆ’ ಎಂದಾಯಿತು. ಐದನೆಯದರಲ್ಲಿ ಸೈರನ್ ಒತ್ತುವವನು ಸೈರನ್ ಒತ್ತಿದ.

ಆ ಸೈರನ್ ಬಾಲ್ಕಾದ ಶಾಲೆಗೂ ಕೇಳಿಸಿತು. ಮಕ್ಕಳು ಸಾಲಾಗಿ ನೆಲಮಾಳಿಗೆಗೆ ಇಳಿದರು. ಹಿತ್ತಲಿನಲ್ಲಿ ಪೈಪು ಇಳಿಬಿಟ್ಟಿದ್ದ ಒಮೆಲ್ಕೊ ಆಕಾಶ ನೋಡಿದ. ಅರ್ಧ ಹೀರಿದ ಗುಂಡಿಯನ್ನು ನಡುವೆ ಬಿಟ್ಟರೆ ಪಂಪು ಕಟ್ಟಿಕೊಳ್ಳುತ್ತದೆ. ಕಾಲರ್ ಮೇಲಕ್ಕೆತ್ತಿಕೊಂಡು ಕೆಲಸ ಮುಂದುವರಿಸಿದ.

ಅದೇ ಹೊತ್ತಿಗೆ ತಪಾಸಣೆ ಕಟ್ಟೆಯ ವೈರ್‌ಲೆಸ್ಸಿನಲ್ಲಿ ಜಿಲ್ಲೆಯ ಮೇಜರ್ ತಿಷ್ಕೆವಿಚ್ ಅವರ ದನಿ ಬಂತು. ತೆರ್ನೊವಾ ಬಾಲ್ಕಾದ ಶಾಲೆಯ ಕಡೆಗೆ ಕೊಳಕು ಬಾಂಬು ಹೊತ್ತ ವಾಹನವೊಂದು ಹೋಗುತ್ತಿದೆ ಎಂದು ಮಾಹಿತಿಯಿದೆ, ಕೂಡಲೇ ತಡೆಯಿರಿ.

ಸಾವಾ ಶಾಲೆಯ ದಾರಿಯತ್ತ ನೋಡಿದ. “ಅದು ಆಗಲೇ ದಾಟಿಹೋಯ್ತು ಸಾಹೇಬ್ರೇ.”

“ಬಿಟ್ಟಿದ್ದು ಯಾರು?”

“ನಾನೇ.”

“ತಪಾಸಣೆ ಮಾಡಿದೆಯಾ?”

“ಗೊತ್ತಿರೋ ಗಾಡಿ ಸಾಹೇಬ್ರೇ. ನಮ್ಮ ಭಾವಂದು.”

“ಒಳಗೆ ಏನಿದೆ ಅಂತ ನೋಡಿದೆಯಾ?”

“ನೋಡೋ ಅಂಥದ್ದಲ್ಲ ಅದು.”

“ಮುಚ್ಚಿಟ್ಟಿದ್ರಾ?”

“ಮುಚ್ಚದೇ ಇದ್ರೆ ಗತಿಯೇನು ಸಾಹೇಬ್ರೇ?”

ವೈರ್‌ಲೆಸ್ಸಿನಲ್ಲಿ “ಬಂದೂಕು ಕೆಳಗಿಟ್ಟು ಅಲ್ಲೇ ನಿಂತಿರು” ಎಂಬ ಅಪ್ಪಣೆಯಾಯಿತು.

ಇಪ್ಪತ್ತು ನಿಮಿಷದಲ್ಲಿ ಶಾಲೆಯ ಹಿತ್ತಲಿಗೆ ಎರಡು ಜೀಪು, ಒಂದು ಆಂಬುಲೆನ್ಸು ಬಂದವು. ಮುಖ ಮುಚ್ಚಿ, ಮೈತುಂಬ ರಬ್ಬರು ಉಡುಪು ಹಾಕಿದ್ದ ಇಬ್ಬರು, ಅಳತೆಯ ಯಂತ್ರ ಮುಂದೆ ಹಿಡಿದು, ಮೊಟ್ಟೆಯ ಮೇಲೆ ನಡೆಯುವಂತೆ ನಡೆದು ಬಂದರು. ಹಿಂದೆ ಬರಿಮುಖದಲ್ಲಿ ಮೇಜರ್. ಒಮೆಲ್ಕೊ ಪಂಪು ನಿಲ್ಲಿಸಿ ಟೋಪಿ ತೆಗೆದ.

“ಕೈ ಮೇಲೆ. ಗಾಡಿಯಿಂದ ದೂರ ಬಾ. ಈ ಬರಹ ಯಾರದು?”

“ನಂದೇ ಸಾಹೇಬ್ರೇ. ಕೊನೇ ಅಕ್ಷರ ಸೊಟ್ಟ ಆಗಿದೆ.”

“ಒಳಗೇನಿದೆ?”

“ಶಾಲೇದು. ತಳದಲ್ಲಿ ಸ್ವಲ್ಪ ಆಸ್ಪತ್ರೇದು.”

‘ಆಸ್ಪತ್ರೇದು’ ಎಂಬ ಮಾತು ಕೇಳಿ ರಬ್ಬರಿನವರು ಎರಡು ಹೆಜ್ಜೆ ಹಿಂದೆ ಸರಿದರು. ಆಸ್ಪತ್ರೆಯಲ್ಲಿ ಏನೇನು ವಿಕಿರಣದ ವಸ್ತು ಇರಬಹುದೆಂದು ಅವರಿಗೆ ತರಬೇತಿಯಲ್ಲಿ ಹೇಳಿದ್ದರು.

“ಮುಚ್ಚಳ ತೆಗಿ” ಎಂದರು ಮೇಜರ್.

“ಬೇಡ ಸಾಹೇಬ್ರೇ.”

“ತೆಗಿ ಅಂದೆ.”

“ತುಂಬಿದೆ. ಒತ್ತಡ ಇರುತ್ತೆ. ಅವರಿಬ್ಬರಿಗೆ ಮುಖವಾಡ ಇದೆ, ತಮಗೆ ಇಲ್ಲ.”

“ಯುದ್ಧಕಾಲದಲ್ಲಿ ಅಧಿಕಾರಿಯ ಅಪ್ಪಣೆ ಮೀರಿದರೆ ಏನಾಗುತ್ತೆ ಗೊತ್ತಾ?”

ಒಮೆಲ್ಕೊ ಕಾನೂನಿಗೆ ತಲೆಬಾಗುವ ಪ್ರಜೆ. ತಿರುಪು ತಿರುಗಿಸಿ ಮುಚ್ಚಳ ಸಡಿಲಿಸಿದ. ಆಮೇಲೆ ಆದದ್ದನ್ನು ವರ್ಣಿಸುವ ಅಗತ್ಯವಿಲ್ಲ. ಅಳತೆಯ ಯಂತ್ರ ಸದ್ದು ಮಾಡಲಿಲ್ಲ. ಮೇಜರ್ ಶಾಲೆಯ ಗೋಡೆಗೆ ಕೈಕೊಟ್ಟು, ಮುಖ ಆಚೆ ತಿರುಗಿಸಿ, ನಾಲ್ಕೈದು ನಿಮಿಷ ನಿಂತಿದ್ದರು. ಝನ್ನಾ ಪೆತ್ರಿವ್ನಾ ಒಳಗಿಂದ ಒಂದು ಲೋಟ ನೀರು, ಒಂದು ನಿಂಬೆಹೋಳು ತಂದುಕೊಟ್ಟರು.

ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ವಿಚಾರಣೆ ನಡೆಯಿತು. ಮೇಜರ್ ಒಂದು ಬಿಳಿ ಹಾಳೆ ಮುಂದೆ ತಳ್ಳಿದರು. “ವಿವರಣೆ ಬರಿ. ಮೊದಲು, ಕೊಳಕು ಬಾಂಬು ಅಂದ್ರೆ ಏನು ಅಂತ ನೀನು ತಿಳ್ಕೊಂಡಿದೀಯ, ಅದನ್ನ ಬರಿ.”

ಒಮೆಲ್ಕೊ ಲೇಖನಿ ಹಿಡಿದು ಸುತ್ತಲೂ ನೋಡಿದ. “ಅದಕ್ಕೆ ಬೇಕಾದಷ್ಟು ಅರ್ಥ ಇವೆ ಸಾಹೇಬ್ರೇ.”

“ಒಂದೇ ಅರ್ಥ. ಸಣ್ಣ ಅಣುಬಾಂಬು.”

“ಅಣುಬಾಂಬು ಅಲ್ಲ” ಎಂದರು ಮೂಲೆಯಲ್ಲಿ ಕೂತಿದ್ದ ಲುಕಿಚ್ ಮೇಷ್ಟ್ರು.

“ನಮ್ಮ ಮನೇಲಿ ಹುಡುಗರ ಕೋಣೆಗೆ ಹಾಗಂತೀವಿ” ಎಂದು ಝನ್ನಾ ಪೆತ್ರಿವ್ನಾ ಮೆಲ್ಲಗೆ ಹೇಳಿದರು.

ಬಾಗಿಲಲ್ಲಿ ನಿಂತಿದ್ದ ಜೀಪಿನ ಚಾಲಕ ಗಂಟಲು ಸರಿಮಾಡಿಕೊಂಡ. “ನಮ್ಮಲ್ಲೂ ಇದೆ ಸಾರ್. ಅಧಿಕಾರಿಗಳ ಕಾಲುಚೀಲಕ್ಕೆ.”

ಮೇಜರ್ ಅವನತ್ತ ನೋಡಿದರು. ಅವನು ಹೊರಗೆ ಹೋದ.

ಒಮೆಲ್ಕೊ ಬಹಳ ಹೊತ್ತು ತಿಣುಕಿ ಬರೆದ: ‘ಕೊಳಕು ಬಾಂಬು ಎರಡು ಥರ. ಒಂದು ರೇಡಿಯೊದಲ್ಲಿ ಬರುವುದು. ಅದನ್ನು ನಾನು ನೋಡಿಲ್ಲ, ಯಾರೂ ನೋಡಿಲ್ಲ. ಇನ್ನೊಂದು ನನ್ನದು. ಎಲ್ಲರೂ ನೋಡಿದ್ದಾರೆ. ತಪ್ಪು ಗುಂಪಿಗೆ ಹಾಕಿದ್ದು ನಾನು. ಸಾವಾದು ತಪ್ಪಿಲ್ಲ.’

ಮೇಜರ್ ಓದಿದರು. ಅವರಿಗೆ ನಲವತ್ತರ ಆಸುಪಾಸು. ಹಲವು ವಾರಗಳಿಂದ ನಿದ್ದೆಯಿಲ್ಲದ ಕಣ್ಣು. ಹಾಳೆಯನ್ನು ಮಡಿಸಿ ಜೇಬಿಗಿಟ್ಟು, ಗದರುವುದನ್ನು ಬಿಟ್ಟು, ದಣಿದವರಂತೆ ಮಾತಾಡಿದರು.

“ನಿನ್ನ ಮೇಲೆ ಕೇಸು ಹಾಕಿದ್ರೆ ಈ ಪದಾನ ನಾನು ನ್ಯಾಯಾಲಯದಲ್ಲಿ ಹದಿನೈದು ಸಲ ಹೇಳಬೇಕಾಗುತ್ತೆ. ಅದು ಬೇಡ. ಹದಿಮೂರು ಹಳ್ಳಿಗೆ ನೀನೇ ಹೋಗು. ಈ ಗಾಡಿಯಲ್ಲೇ ಹೋಗು. ಏನು ಬಂದಿತ್ತು ಅಂತ ನಿನ್ನ ಬಾಯಲ್ಲಿ ಹೇಳು. ಸಂಜೆ ಒಳಗೆ. ಆಮೇಲೆ ಆ ಅಕ್ಷರ ಕೆರೆದು ತೆಗಿ.”

ಒಮೆಲ್ಕೊ ಹೊರಟ. ಎಲ್ಲರೂ ನಗುತ್ತಾರೆ, ಒಂದೆರಡು ಬೈಗುಳ ಬೀಳುತ್ತವೆ, ಮುಗಿಯಿತು ಎಂದೇ ಅವನ ಎಣಿಕೆ.

ಮೊದಲ ಹಳ್ಳಿಯಲ್ಲಿ ಒಬ್ಬಾತ ತನ್ನ ಇಪ್ಪತ್ತೆರಡು ಜೇನುಪೆಟ್ಟಿಗೆಗಳಿಗೆ ಪ್ಲಾಸ್ಟಿಕ್ ಸುತ್ತಿ, ಈಗ ಬಿಚ್ಚುತ್ತ ನಿಂತಿದ್ದ. ಅವನು ಗಾಡಿಯ ಮೇಲಿನ ಅಕ್ಷರ ಓದಿ ನೆಲಕ್ಕೆ ಉಗುಳಿದ. ಎರಡನೆಯದರಲ್ಲಿ ಒಬ್ಬ ಹೆಂಗಸು ಬಾಗಿಲಿಗೆ ಬಂದು, “ಇನ್ನೇನು ಎಲ್ಲಾ ಹೋಗ್ತೀವಿ, ತಿಂದಾದ್ರೂ ಹೋಗೋಣ ಅಂತ ಮೂರು ಬಾತುಕೋಳಿ ಕುಯ್ದೆ. ಕ್ರಿಸ್‌ಮಸ್ಸಿಗೆ ಅಂತ ಸಾಕಿದ್ದು” ಎಂದಳು. ಅಷ್ಟು ಹೇಳಿ, ಅವನ ಕೈಗೆ ಒಂದು ಬೇಯಿಸಿದ ತೊಡೆಯನ್ನೂ ಕೊಟ್ಟಳು. ಬೈಯುವಾಗಲೂ ತಿನ್ನಲು ಕೊಡುವುದು ಅಲ್ಲಿಯ ರೂಢಿ. ನಾಲ್ಕನೆಯದರಲ್ಲಿ ಔಷಧಿ ಅಂಗಡಿಯವನು ಖಾಲಿ ಕಪಾಟು ತೋರಿಸಿದ. ವಿಕಿರಣಕ್ಕೆ ಮದ್ದೆಂದು ಜನ ಮುಗಿಬಿದ್ದು, ಅಯೋಡಿನ್ ಒಂದು ಹನಿ ಉಳಿದಿರಲಿಲ್ಲ. ಗಾಯಕ್ಕೆ ಹಚ್ಚುವ ಅಯೋಡಿನ್ನನ್ನು ಹಾಲಿಗೆ ಬೆರೆಸಿ ಕುಡಿದ ಮೂವರು ಆಸ್ಪತ್ರೆಯಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದರು.

ಏಳನೆಯ ಹಳ್ಳಿಯಲ್ಲಿ ಪ್ಯೋತರ್ ಎಂಬ ಟ್ರ್ಯಾಕ್ಟರಿನವನು ಬೇಲಿ ದಾಟಿ ಓಡಿಬಂದು ಅವನ ಬಾಗಿಲಿಗೆ ಜೋತುಬಿದ್ದ.

“ಅಣ್ಣಾ, ಅದು ನಿಜವಾದ ಬಾಂಬೇ ಆಗಿತ್ತು ಅಂತ ನಮ್ಮನೇಲಿ ಹೇಳ್ಬಿಡು.”

“ಯಾಕೆ?”

“ಸಾಯೋ ಹೊತ್ತಲ್ಲಿ ಮನಸ್ಸಲ್ಲಿ ಏನೂ ಇಟ್ಕೋಬಾರದು ಅಂತ ಹೆಂಡತಿಗೆ ಎಲ್ಲಾ ಹೇಳ್ಬಿಟ್ಟೆ. ಆ ಅಂಚೆಯವಳ ವಿಷಯ.”

“ಅವಳೇನಂದಳು?”

“ಆಗ ಕ್ಷಮಿಸಿದ್ಲು. ಸೈರನ್ ನಿಂತ ಮೇಲೆ ವಾಪಸ್ ತಗೊಂಡ್ಲು.”

ಒಮೆಲ್ಕೊ ಅವನಿಗೆ ಬಾತಿನ ತೊಡೆ ಕೊಟ್ಟು ಮುಂದೆ ಹೋದ. ಅದಕ್ಕಿಂತ ಹೆಚ್ಚಿನ ನೆರವು ಅವನಿಂದ ಆಗುವಂತಿರಲಿಲ್ಲ.

ಹನ್ನೆರಡು ಹಳ್ಳಿ ಮುಗಿಯುವಷ್ಟರಲ್ಲಿ ಮಧ್ಯಾಹ್ನ ಮೂರು ದಾಟಿತ್ತು. ನಗುತ್ತಾರೆ ಎಂದುಕೊಂಡಿದ್ದವನಿಗೆ ನಕ್ಕವರು ಇಬ್ಬರೇ ಸಿಕ್ಕಿದ್ದರು. ಆ ಇಬ್ಬರೂ ಕುಡಿದಿದ್ದರು. ಕೊನೆಯದು ಹೊಳೆಯಾಚೆಯ ಹಳ್ಳಿ, ಒಟ್ಟು ಹದಿನೇಳು ಮನೆ. ಹದಿನಾರು ಬಾಗಿಲು ತೆರೆದವು. ಹದಿನೇಳನೆಯದಕ್ಕೆ ಬೀಗ.

“ಯವ್ದೋಖಾ ಅಜ್ಜಿ ಮನೆ” ಎಂದಳು ಪಕ್ಕದ ಮನೆಯಾಕೆ. “ಬೆಳಗ್ಗೆ ನಾನೇ ಬೇಲಿ ಹತ್ರ ಬಂದು ಹೇಳ್ದೆ, ಕೊಳಕು ಬಾಂಬು ಬರ್ತಿದೆಯಂತೆ ಅಂತ. ಸುಳ್ಳು ಅಂತ ಗೊತ್ತಾದ ಮೇಲೆ ಹೇಳೋಕೆ ಹೋದ್ರೆ ಆಗ್ಲೇ ಬೀಗ. ಮೇಕೆನೂ ಇಲ್ಲ.”

“ನೆಂಟರ ಮನೆಗೆ ಹೋಗಿರ್ಬೇಕು.”

“ಯಾವ ನೆಂಟರು? ಅಜ್ಜಿ ಈ ಊರಿನವರಲ್ಲ. ಎಂಬತ್ತಾರರಲ್ಲಿ ಚೆರ್ನೊಬಿಲ್ ಅಣುಸ್ಥಾವರ ಸಿಡಿದಾಗ ಆ ಕಡೆಯಿಂದ ಬಸ್ಸಲ್ಲಿ ತಂದು ಇಳಿಸಿದ್ರಲ್ಲ, ಅವರು.”

ಒಮೆಲ್ಕೊ ಗಾಡಿ ತಿರುಗಿಸಿದ. ಮೇಕೆ ಹಿಡಿದುಕೊಂಡು ಎಂಬತ್ತರ ಹೆಂಗಸು ಎಷ್ಟು ದೂರ ನಡೆದಾಳು. ಹೆದ್ದಾರಿಗೆ ಎರಡು ಮೈಲಿ. ಅಲ್ಲಿ ಹಳೆಯ ಕಾಲದ ಸಿಮೆಂಟಿನ ಬಸ್‌ತಂಗುದಾಣವಿದೆ. ಗೋಡೆಯ ತುಂಬ ಬಣ್ಣದ ಗಾಜಿನ ಚೂರು ಅಂಟಿಸಿ ಮಾಡಿದ ಸೂರ್ಯಕಾಂತಿಗಳು, ಅರ್ಧ ಉದುರಿವೆ. ಅದರ ಕೆಳಗೆ, ಬೆಂಚಿನ ತುದಿಯಲ್ಲಿ, ಬೆನ್ನು ನೆಟ್ಟಗಿಟ್ಟು ಅಜ್ಜಿ ಕೂತಿದ್ದರು. ಮೈಮೇಲೆ ಒಂದರ ಮೇಲೊಂದು ಎರಡು ಚಳಿಯಂಗಿ. ತಲೆಗೆ ಹಬ್ಬದ ಹೂವಿನ ಶಾಲು. ಮಡಿಲಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದಪತ್ರ. ಕಾಲ ಬಳಿ ಬಿಳಿ ಮೇಕೆ.

ಒಮೆಲ್ಕೊ ಗಾಡಿಯನ್ನು ಸ್ವಲ್ಪ ಮುಂದೆ, ಅಕ್ಷರವಿಲ್ಲದ ಮಗ್ಗುಲು ಅವರಿಗೆ ಕಾಣುವಂತೆ ನಿಲ್ಲಿಸಿ ಇಳಿದ. ಇಡೀ ದಿನ ಒಪ್ಪಿಸಿದ ಪಾಠ ಬಿಟ್ಟು ಬೇರೆ ಮಾತೆತ್ತಿದ.

“ಅಜ್ಜಿ, ಎಷ್ಟೊತ್ತಿಂದ ಕೂತಿದೀರಿ?”

“ಹನ್ನೊಂದೂವರೆಯಿಂದ. ಎರಡು ಬಸ್ಸು ಬಂತು. ಮೇಕೆ ಹತ್ತಿಸಲ್ಲ ಅಂದ್ರು.”

“ಮೇಕೆ ಬಿಟ್ಟು ಹತ್ತಬಹುದಿತ್ತಲ್ಲ.”

ಅಜ್ಜಿ ಅವನನ್ನು ನೋಡಿದರು. “ಹಸು ಬಿಟ್ಟು ಹತ್ತಿದ್ದೆ ಒಂದು ಸಲ. ಮೂರು ದಿನ ಅಷ್ಟೇ, ವಾಪಸ್ ಬಿಡ್ತೀವಿ ಅಂದಿದ್ರು. ಮೂರು ದಿನಕ್ಕೆ ಆಗೋವಷ್ಟು ಹುಲ್ಲು ಹಾಕಿ ಬಂದೆ. ತೆಳ್ಳಗಿನ ಬಟ್ಟೆ ಹಾಕ್ಕೊಂಡಿದ್ದೆ, ವಸಂತಕಾಲ ನೋಡು. ಆ ಚಳಿಗಾಲ ಊರವರ ಅಂಗಿ ಕೇಳಿ ಹಾಕ್ಕೋಬೇಕಾಯ್ತು.” ಎರಡೂ ಚಳಿಯಂಗಿಗಳ ಗುಂಡಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. “ಈ ಸಲ ತಪ್ಪು ಮಾಡಲಿಲ್ಲ.”

ಒಮೆಲ್ಕೊ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಮೇಕೆ ಅವನ ಬೂಟು ಮೂಸಿ ಮುಖ ತಿರುಗಿಸಿತು.

“ಮಗಾ, ಒಂದು ಹೇಳು. ಕೊಳಕು ಬಾಂಬು ಅಂದ್ರೇನು? ನಮ್ಮ ಕಾಲದಲ್ಲಿ ಹಾಗಂತಿರಲಿಲ್ಲ. ಕೊಳೆ ಅಂತ ಮಾತ್ರ ಅಂತಿದ್ರು. ಹಾಲಲ್ಲಿ ಕೊಳೆ, ಮಣ್ಣಲ್ಲಿ ಕೊಳೆ. ನಾನು ಎಲ್ಲಾ ತೊಳೆದು ಚೊಕ್ಕವಾಗಿಟ್ಟಿದ್ದೆ. ಬಂದವನು ಯಂತ್ರ ಹಿಡಿದು, ಕೊಳಕು ಅಂದ. ಹೊಸ್ತಿಲು ಕೊಳಕು ಅಂದ, ಅಮ್ಮ ನೇಯ್ದ ಕಂಬಳಿ ಕೊಳಕು ಅಂದ. ನಂಗೆ ಅವಮಾನ ಆಯ್ತು.”

ಒಮೆಲ್ಕೊ ಟೋಪಿಯನ್ನು ಕೈಯಲ್ಲಿ ತಿರುಗಿಸಿದ.

“ಅಜ್ಜಿ, ಇವತ್ತು ಬಂದಿದ್ದು ಅದಲ್ಲ. ನನ್ನ ಗಾಡಿ. ಶಾಲೆಯ ಪಾಯಿಖಾನೆ ಗುಂಡಿ ಹೀರೋಕೆ ಬಂದಿದ್ದೆ. ತಮಾಷೆಗೆ ಅದಕ್ಕೆ ಆ ಹೆಸರಿಟ್ಟಿದ್ದೆ. ಹೋಗಬಾರದ ಕಡೆಗೆ ಸುದ್ದಿ ಹೋಯ್ತು. ತಪ್ಪು ನಂದು.”

ಅಜ್ಜಿ ಎದ್ದು, ಮೇಕೆಯ ಹಗ್ಗ ಹಿಡಿದು, ಗಾಡಿಯ ಮುಂದಿನಿಂದ ಸುತ್ತಿ ಬಲಮಗ್ಗುಲಿಗೆ ಹೋದರು. ಒಮೆಲ್ಕೊಗೆ ತಡೆಯುವ ಧೈರ್ಯ ಬರಲಿಲ್ಲ. ಅವರು ಒಂದೊಂದೇ ಅಕ್ಷರವನ್ನು ಬೆರಳಿಟ್ಟು ಓದಿದರು. ಈ ತುದಿಯಿಂದ ಆ ತುದಿವರೆಗೆ ನೋಡಿದರು. ಮೂಗೆಳೆದು ವಾಸನೆ ನೋಡಿದರು.

“ಇಷ್ಟೇನಾ?”

“ಇಷ್ಟೇ ಅಜ್ಜಿ.”

“ಇದು ತೊಳೆದ್ರೆ ಹೋಗುತ್ತಾ?”

“ಹೋಗುತ್ತೆ. ಸೋಪು, ಬಿಸಿನೀರು.”

“ಹಾಗಾದ್ರೆ ನಾನು ಮನೆಗೆ ಹೋಗಬಹುದಾ?”

“ಹೋಗಬಹುದು.”

“ಯಾವತ್ತು?”

“ಇವತ್ತೇ. ಈಗ್ಲೇ. ನಾನೇ ಬಿಡ್ತೀನಿ.”

ಅಜ್ಜಿ ಶಾಲಿನ ಗಂಟನ್ನು ಬಿಗಿಮಾಡಿಕೊಂಡರು. “ಆವಾಗ ಇಷ್ಟು ಹೇಳೋಕೆ ಯಾರಾದ್ರೂ ಬರ್ತಾರೆ ಅಂತ ಎಷ್ಟು ದಿನ ರಸ್ತೆ ನೋಡಿದೀನೋ” ಎಂದರು. ಬೈಗುಳ ಬರುತ್ತದೆಂದು ತಲೆತಗ್ಗಿಸಿ ನಿಂತಿದ್ದ ಒಮೆಲ್ಕೊ ಕಾದೇ ಕಾದ. ಅದು ಬರಲಿಲ್ಲ.

ಮೇಕೆಯನ್ನು ಮುಂದಿನ ಸೀಟಿಗೆ ಹತ್ತಿಸಲು ಇಬ್ಬರೂ ಸೇರಿ ಹೆಣಗಬೇಕಾಯಿತು. ಒಮೆಲ್ಕೊ ಹಿಂದಿನಿಂದ ದಬ್ಬಿದ, ಅಜ್ಜಿ ಕೊಂಬು ಹಿಡಿದು ಎಳೆದರು. ಹತ್ತಿದ ಮೇಲೆ ಅದು ಇಬ್ಬರ ನಡುವೆ ಗಂಭೀರವಾಗಿ ಕೂತು ಗಾಜಿನಾಚೆ ನೋಡತೊಡಗಿತು. ದಾರಿಯಲ್ಲಿ ಅಜ್ಜಿ ಒಂದೇ ಮಾತಾಡಿದರು. ಹಳೆಯ ಮನೆಯಿಂದ ಹೊರಟಾಗ ಒಲೆಯಲ್ಲಿ ಬ್ರೆಡ್ಡಿತ್ತು, ಬೇಯುವ ತನಕ ನಿಲ್ಲಿ ಎಂದರೆ ಬಸ್ಸಿನವರು ಕೇಳಲಿಲ್ಲ. ಆ ಒಲೆ ಎಷ್ಟು ಹೊತ್ತು ಬಿಸಿಯಾಗಿದ್ದಿರಬಹುದು ಎಂದು ಅವರು ಆಗಾಗ ಲೆಕ್ಕ ಹಾಕುತ್ತಾರಂತೆ. ತಾನು ಕೇಳಿದ್ದು ಅರ್ಧ ಮಾತ್ರ ಎಂದು ಒಮೆಲ್ಕೊಗೆ ಮೊದಲ ಸಲ ಗೊತ್ತಾಯಿತು.

ಬೀಗದ ಕೈ ಎರಡು ಅಂಗಿಗಳ ಒಳಗೆಲ್ಲೋ ಇತ್ತು. ಅಜ್ಜಿ ಎರಡು ಸಲ ತಪ್ಪು ಜೇಬಿಗೆ ಕೈಹಾಕಿ, ಕೊನೆಗೆ ಹುಡುಕಿ ತೆಗೆದರು. ಒಮೆಲ್ಕೊ ಕೈ ಚಾಚಿದ.

“ಬೇಡ” ಎಂದರು. “ಇದನ್ನ ನಾನೇ ತೆಗೀಬೇಕು.”

ತೆಗೆದರು. ಮೇಕೆ ಮೊದಲು ಒಳಗೆ ಹೋಯಿತು. ಅಜ್ಜಿ ಅಂಗಿ ಬಿಚ್ಚದೆ ನೇರ, ಬೆಳಗ್ಗೆ ಹಚ್ಚಿದ್ದ ಒಲೆಯ ಬಳಿ ನಡೆದು, ಸುಣ್ಣ ಬಳಿದ ಅದರ ಮಗ್ಗುಲಿಗೆ ಅಂಗೈ ಒತ್ತಿ ನಿಂತರು. ಆಮೇಲೆ ತಿರುಗಿ, ಹೊಸ್ತಿಲಾಚೆ ಟೋಪಿ ಹಿಡಿದು ನಿಂತಿದ್ದವನಿಗೆ ಹೇಳಿದರು:

“ಬಾ, ಮುಟ್ಟಿ ನೋಡು. ಇನ್ನೂ ಬೆಚ್ಚಗಿದೆ.”